ನನ್ನ ದಿನದಲ್ಲಿ ಇಲ್ಲದ ಅಕ್ಕ

ಅರವತ್ಮೂರನೆಯ ಇಸವಿಯ ಡಿಸೆಂಬರ್ ತಿಂಗಳು. ದಾಂಡೇಲಿಯ ನಮ್ಮ ಹೈಸ್ಕೂಲಿಗೆ ಧಾರವಾಡದಿಂದ ಹೊಸದಾಗಿ ಬಂದಿದ್ದ ಮಾಸ್ತರು ಎಸ್.ಎಸ್.ಎಲ್.ಸಿ. ತರಗತಿಯ ನಮಗೆ ಒಂದು ಕಥೆ ಬರೆಯಲು ಹೇಳಿದರು. ಪರೀಕ್ಷೆ ಮುಗಿದ ಮೇಲೆ ಯಾರು ಯಾವ ದಾರಿ ಹಿಡಿಯಬೇಕು ಎಂದು ಹುಡುಗರಿಗೂ ಮನೆಯವರಿಗೂ ತಿಳಿಸುವ ಕೆಲಸವನ್ನು ಹೆಡ್‌ಮಾಸ್ತರು ಅವರಿಗೆ ಒಪ್ಪಿಸಿದ್ದರು. ಅದಕ್ಕೂ ಕಥೆಗೂ ಏನು ಸಂಬಂಧ ಎಂದು ನಮಗೆ ಅರ್ಥವಾಗಲಿಲ್ಲ.

"ಮುಂದ ಏನಾಗ್ತೀರಿ ಅಂತ ಕೇಳಿದ್ರ ನೀವು ಡಾಕ್ಟರ್, ಇಂಜಿನಿಯರ್ ಅಂತೀರಿ. ಅದು ಮನಿಗೆ ಬಂದ ಬೀಗರಿಗೆ ಹೇಳೋ ಉತ್ತರ," ಎಂದರು ಮಾಸ್ತರು. "ನನಗದು ಬ್ಯಾಡ. ಹತ್ತು ವರ್ಷ ಆದ ಮ್ಯಾಲೆ ನಿಮ್ಮದೊಂದು ದಿನ ಹೆಂಗಿರ್ತದ, ಅದನ್ನ ಬರೀರಿ. ಎದ್ದಾಗಿಂದ ಮಲಗೂ ತನಕ. ನೌಕರಿ ಹೆಸರು ಬರೀಬ್ಯಾಡ್ರಿ. ಕೈ ಏನು ಮಾಡ್ತದ, ಬಾಜೂಕ ಯಾರದಾರ, ಯಾತರ ವಾಸನಿ ಬರ್ತದ, ಅದನ್ನ ಬರೀರಿ. ನೌಕರಿ ಯಾವುದಂತ ನಾ ಓದಿ ತಿಳ್ಕೋತೇನಿ."

ನಾನು ಆಗಲೇ ಎರಡು ವರ್ಷದಿಂದ ದಿನಚರಿ ಬರೆಯುತ್ತಿದ್ದೆ. ಅಪ್ಪ ಪೇಪರ್ ಮಿಲ್ಲಿನಲ್ಲಿ ಬಿದಿರು ಕತ್ತರಿಸುವ ಯಂತ್ರದ ಹತ್ತಿರ ಕೆಲಸ ಮಾಡುತ್ತಿದ್ದರು. ಅವರ ಪಾಳಿ ವಾರವಾರಕ್ಕೆ ಬದಲಾಗುತ್ತಿದ್ದುದರಿಂದ ನಮ್ಮ ಮನೆಯ ಊಟ, ನಿದ್ದೆ, ಮಾತು ಎಲ್ಲವೂ ಮಿಲ್ಲಿನ ಸೈರನ್, ಅಂದರೆ ಭೋಂಗಾ, ಕೂಗುವುದರ ಮೇಲೆ ನಡೆಯುತ್ತಿದ್ದವು. ಅದನ್ನು ಬರೆದಿಟ್ಟುಕೊಳ್ಳುವ ರೂಢಿ ನನಗೆ ಹಾಗೆ ಬಿದ್ದದ್ದು. ಒಂದು ದಿನವನ್ನು ಬರೆಯುವುದೆಂದರೆ ನನಗೇನು ಕಷ್ಟ! ಮಾಸ್ತರು ಒಂದು ವಾರ ಕೊಟ್ಟಿದ್ದರು. ನಾನು ಅದೇ ಸಂಜೆ ಮುಗಿಸಿದೆ. ನನ್ನ ಕಥೆಯಲ್ಲಿ, ಹತ್ತು ವರ್ಷದ ನಂತರ ನಾನು ಹುಬ್ಬಳ್ಳಿಯ ಒಂದು ಬ್ಯಾಂಕಿನಲ್ಲಿದ್ದೆ. ಐದೂವರೆಗೆ ಏಳುವುದು, ಆರಕ್ಕೆ ಬಿಸಿನೀರಿನ ಸ್ನಾನ, ಆರೂಕಾಲಿಗೆ ಚಹಾ, ಏಳೂವರೆಗೆ ರೊಟ್ಟಿ ಪಲ್ಯೆ, ಎಂಟಕ್ಕೆ ಇಸ್ತ್ರಿ ಅಂಗಿ, ಡಬ್ಬಿ ಹಿಡಿದು ಹೊರಡುವುದು. ಹೀಗೆ ರಾತ್ರಿ ಹತ್ತರವರೆಗೆ. ಇಪ್ಪತ್ತಮೂರು ವೇಳೆಗಳು, ಒಂದೂ ಒಂದರ ಮೇಲೊಂದು ಬರದಂತೆ ಹೊಂದಿಸಿದ್ದೆ. ಅಂಚಿನಲ್ಲಿ ಗೆರೆ ಎಳೆದು ಕೊಟ್ಟೆ.

ಮರುವಾರ ಮಾಸ್ತರು ಹೆಸರು ಹೇಳದೆ ಒಂದೊಂದೇ ಕಥೆಯನ್ನು ಓದಿದರು. ಯಾರು ಏನೇನಾದರು ಎಂದು ನಾನು ಕುಳಿತಲ್ಲೇ ಗುರುತು ಹಾಕಿಕೊಳ್ಳುತ್ತಿದ್ದೆ. ತರಗತಿಯ ಮೂವತ್ತೆಂಟು ಮಂದಿಯಲ್ಲಿ ಇಪ್ಪತ್ತೊಂದು ಮಂದಿ ಮಿಲ್ಲಿನಲ್ಲೇ ಇದ್ದರು, ಆದರೆ ಬಿದಿರಿನ ಅಂಗಳದಲ್ಲಿ ಒಬ್ಬನೂ ಇರಲಿಲ್ಲ. ಒಬ್ಬ ಮ್ಯಾನೇಜರ್ ಆಗಿ ಹತ್ತು ಗಂಟೆಯ ತನಕ ಮಲಗಿದ್ದ. ಹಳಿಯಾಳ ಕಡೆಯ ಒಬ್ಬ ಫಾರೆಸ್ಟ್ ಗಾರ್ಡ್ ಆಗಿ ಬೆಳಿಗ್ಗೆ ಸಾಗವಾನಿ ಕಳ್ಳರನ್ನು ಹಿಡಿದು, ಮಧ್ಯಾಹ್ನ ಕೋಳಿ ತಿಂದು, ಸಂಜೆ ಮತ್ತೆ ಬೇರೆ ಕಳ್ಳರನ್ನು ಹಿಡಿದು, ರಾತ್ರಿ ಮತ್ತೊಂದು ಕೋಳಿ ತಿಂದಿದ್ದ.

"ಈ ಅಡವಿಯೊಳಗ ಕಳ್ಳರಕಿಂತಾ ಕೋಳಿಗೆ ಭಯ ಜಾಸ್ತಿ," ಎಂದರು ಮಾಸ್ತರು. ಎಲ್ಲರೂ ನಕ್ಕೆವು.

ಆಮೇಲೆ ನನ್ನದು. ನಾನು ಬೆನ್ನು ನೆಟ್ಟಗೆ ಮಾಡಿ ಕುಳಿತೆ. ಮಾಸ್ತರು ಕೊನೆಯತನಕ ಓದಿ, ಹಾಳೆಯನ್ನು ಮೇಜಿನ ಮೇಲಿಟ್ಟರು.

"ಈ ಮನ್ಯಾಗ ನೀರು ತಾನ ಕಾಯ್ತದ," ಎಂದರು. "ರೊಟ್ಟಿ ತಾನ ಸುಟ್ಕೊಂಡು ತಾಟಿಗೆ ಬಂದು ಬೀಳ್ತದ. ಅಂಗಿ ತಾನ ಒಗಸ್ಕೊಂಡು, ಒಣಗಿ, ಇಸ್ತ್ರಿ ಮಾಡ್ಕೊಂಡು ಬಂದು ನಿಂದರ್ತದ. ಏನಪಾ ಇದು? ಯಾರ ಮನಿ ಇದು?"

"ದೆವ್ವದ ಮನಿ ಸರ್ರ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು.

ನನ್ನ ಪಕ್ಕದಲ್ಲೇ ಕೂರುವ ಗೆಳೆಯ, ವಾರಕ್ಕೆರಡು ಸಲ ನಮ್ಮ ಮನೆಯಲ್ಲಿ ರೊಟ್ಟಿ ತಿನ್ನುವವನು, ಎದ್ದು ನಿಂತು ಹೇಳಿದ: "ದೆವ್ವ ಅಲ್ರಿ ಸರ್ರ. ಅದು ಇವನ ಅಕ್ಕ!"

ನಗು ಕಿಟಕಿಯಾಚೆ ಹೋಗಿ ಪಕ್ಕದ ತರಗತಿಗೂ ಕೇಳಿಸಿರಬೇಕು. ನನಗೆ ಕಿವಿ ಬಿಸಿಯಾಯಿತು. ನಕ್ಕಿದ್ದಕ್ಕಲ್ಲ. ಅವನು ಹೇಳಿದ್ದು ನಿಜವಾಗಿತ್ತು. ಬ್ಯಾಂಕಿನ ಜವಾನನನ್ನೂ ಬಸ್ಸಿನ ಕಂಡಕ್ಟರನನ್ನೂ ನಾನು ಬರೆದಿದ್ದೆ. ಮನೆಯೊಳಗೆ ಮಾತ್ರ ಒಬ್ಬರೂ ಇರಲಿಲ್ಲ. ಬೇಕೆಂದು ಬಿಟ್ಟದ್ದಾಗಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ನನಗೆ ಹೊಳೆದೇ ಇರಲಿಲ್ಲ.

ಮಾಸ್ತರು ನಗು ನಿಲ್ಲಿಸಿ, ಬರೀ ನನಗಲ್ಲ, ಎಲ್ಲರಿಗೂ ಇನ್ನೊಂದು ಕೆಲಸ ಕೊಟ್ಟರು. "ನಿಮ್ಮ ಮನ್ಯಾಗ ನೀರು ಕಾಸೋರು ಯಾರದಾರ, ಅವರನ್ನ ಕೂಡಿಸಿ ಕೇಳ್ರಿ. ಹತ್ತು ವರ್ಷ ಆದಮ್ಯಾಲೆ ಅವರದೊಂದು ದಿನ ಹೆಂಗಿರ್ತದ ಅಂತ. ಅವರು ಹೇಳಿದಂಗ ಬರೀರಿ. ಮಾತು ತಿದ್ದಬ್ಯಾಡ್ರಿ."

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ವರ್ಷವೇ ಅವ್ವನಿಗೆ ದಮ್ಮು ಹಿಡಿದು, ಒಲೆಯ ಹೊಗೆಯ ಹತ್ತಿರ ಹೋಗಬಾರದೆಂದು ಡಾಕ್ಟರು ಹೇಳಿದ್ದರಿಂದ ಅಕ್ಕ ಶಾಲೆ ಬಿಟ್ಟು ಒಲೆ ಹಿಡಿದಳು. ಮುಂಡಗೋಡದ ಹತ್ತಿರದ ಪಾಳಾದಿಂದ ಒಂದು ಒಳ್ಳೆಯ ಸಂಬಂಧ ಬಂದಿತ್ತು. ಸಂಕ್ರಾಂತಿ ಆದ ಮೇಲೆ ಅವರು ಹೆಣ್ಣು ನೋಡಲು ಬರುವವರಿದ್ದರು.

ಅಪ್ಪ ಎರಡನೆಯ ಪಾಳಿಗೆ ಹೋದ ಒಂದು ಮಧ್ಯಾಹ್ನ ನಾನು ಹಾಳೆ, ಮಸಿ ದೌತಿ ಹಿಡಿದು ಅಕ್ಕನ ಎದುರು ಕುಳಿತೆ. ಅವಳು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ವಿಷಯ ಹೇಳಿದೆ.

"ಹತ್ತು ವರ್ಷದ ಮ್ಯಾಲಾ?" ಎಂದು ನಕ್ಕಳು. "ನಾಳೆ ಏನು ಪಲ್ಯೆ ಮಾಡ್ಲಿ ಅನ್ನೋದ ಗೊತ್ತಿಲ್ಲ ನನಗ. ಅವ್ವನ್ನ ಕೇಳು ಹೋಗು."

"ಅವ್ವ ನೀರು ಕಾಸಂಗಿಲ್ಲಲ್ಲ. ನೀನ ಹೇಳಬೇಕು."

"ಸುಳ್ಳು ಹೇಳಿದ್ರ ನಡೀತದೇನು?"

"ಕಥೀನ ಅದು. ಏನ್ ಹೇಳಿದ್ರೂ ನಡೀತದ."

ಅವಳು ಸ್ವಲ್ಪ ಹೊತ್ತು ಕಲ್ಲು ಆರಿಸಿದಳು. ಆಮೇಲೆ ಮೊರದಿಂದ ತಲೆಯೆತ್ತದೆ ಹೇಳತೊಡಗಿದಳು. ನಾನು ಬರೆದುಕೊಂಡದ್ದನ್ನು ಇಲ್ಲಿ ಹಾಗೆಯೇ ಇಡುತ್ತೇನೆ.

"ಅಲ್ಲೆ ಭೋಂಗಾ ಇಲ್ಲ. ಕೋಳಿ ಕೂಗಿದ್ರ ಏಳ್ತೇನಿ, ಇಲ್ಲಾಂದ್ರ ಇಲ್ಲ. ಸೂಪಾದಿಂದ ಆಚೆ, ಜೋಯಿಡಾ ಕಡೆ ಒಂದು ಹಳ್ಳಿ ಅದು. ಒಂದ ಖೋಲಿ ಸಾಲಿ, ಬಾಜೂಕ ನನ್ನ ಖೋಲಿ. ಚಹಾ ಮಾಡ್ಕೊಂಡು ಕುಂತು ಕುಡೀತೇನಿ. ಕುಂತು ಅಂತ ಬರಿ. ಹುಡುಗ್ರು ಹಳ್ಳ ದಾಟಿ ಬರ್ತಾವ. ಎಲ್ಲಾ ಕೊಂಕಣಿ ಮಾತಾಡ್ತಾವ, ನನಗ ಮೊದಲ ತಿಳೀತಿರಲಿಲ್ಲ, ಈಗ ಬೈಯಾಕೂ ಬರ್ತದ. ಒಂದು ಹುಡುಗಿ ಕೂಸು ಎತ್ಕೊಂಡ ಬರ್ತಾಳ. ರಾತ್ರಿಯೆಲ್ಲಾ ಕೂಸಿನ್ನ ಸಮಾಧಾನ ಮಾಡಿ ಸಾಲ್ಯಾಗ ತೂಕಡಸ್ತಾಳ. ನಾ ಬಡಿಯಂಗಿಲ್ಲ. ಕೂಸಿನ್ನ ನಾ ಎತ್ಕೊಂಡು ಲೆಕ್ಕ ಕಲಸ್ತೇನಿ, ಅಕಿ ಮಲಗಿರ್ತಾಳ. ಎದ್ದ ಮ್ಯಾಲೆ ಅಕಿಗೆ ಬ್ಯಾರೆ ಪಾಠ ಹೇಳ್ತೇನಿ. ಸಂಜೀಕ ಹುಡುಗ್ರು ಹೋದ ಮ್ಯಾಲೆ ಬಾಗಿಲ ಹಾಕಿ ಸುಮ್ಮ ಕೂಡ್ತೇನಿ. ಯಾರಿಗೂ ಏನೂ ಬೇಕಾಗಿರಂಗಿಲ್ಲ."

"ಆತಾ?" ಎಂದೆ.

"ತಡಿಯೋ. ಅವತ್ತು ನೀ ಬರ್ತಿ. ಬಸ್ಸಿನ್ಯಾಗ. ಕೋಟು ಹಾಕ್ಕೊಂಡು. ನಿನಗ ಉಪ್ಪಿಟ್ಟು ಮಾಡ್ತೇನಿ. 'ಅಕ್ಕಾ, ಇಲ್ಲೆ ಹೆಂಗಿರ್ತಿ' ಅಂತಿ ನೀನು. ನಾ ನಗ್ತೇನಿ. ಅಲ್ಲಿಗೆ ಮುಗಸು."

ನನ್ನ ದಿನದಲ್ಲಿ ಅವಳಿಗೆ ಜಾಗವಿರಲಿಲ್ಲ. ಅವಳ ದಿನದಲ್ಲಿ ನನಗಾಗಿ ಉಪ್ಪಿಟ್ಟು ಇತ್ತು. ನನ್ನ ಹಾಳೆಯಲ್ಲಿ ಏನಿತ್ತು ಎಂದು ಅವಳು ಕೇಳಲಿಲ್ಲ. 

ನಾನು ಏಳುವಾಗ ಅವಳು ಕೇಳಿದಳು: "ಇದನ್ನ ಮಾಸ್ತರು ಓದ್ತಾರೇನು?"

"ಓದ್ತಾರ."

"ಅಪ್ಪಗ?"

"ರವಿವಾರ ಎಲ್ಲಾರ ಅಪ್ಪನ್ನೂ ಕರಸ್ತಾರ. ಆಗ ಓದ್ತಾರಂತ."

"ಹಂಗಾರ ಅಕ್ಷರ ಛಲೋ ಮಾಡಿ ಬರಿ," ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು.

ಅದು ಸುಮ್ಮನೆ ಹೇಳಿದ ಕಥೆಯಲ್ಲ ಎಂದು ನನಗೆ ಆಗಲೇ ತಿಳಿಯಿತು. ಅಪ್ಪನ ಎದುರು ನಿಂತು ಹೇಳಲಾರದ್ದನ್ನು ಅವಳು ನನ್ನ ಕೈಯಲ್ಲಿ ಬರೆಸಿ ಕಳುಹಿಸುತ್ತಿದ್ದಳು. ಪಾಳಾದವರು ಬಂದು ಹೋಗುವುದರೊಳಗೆ ಅದು ಅಪ್ಪನಿಗೆ ಮುಟ್ಟಬೇಕಾಗಿತ್ತು.

ಆ ರವಿವಾರ ಅಪ್ಪ ರಾತ್ರಿ ಪಾಳಿ ಮುಗಿಸಿ, ಮಲಗದೆ ನೇರ ಶಾಲೆಗೆ ಬಂದರು. ತೋಳಿನ ಕೂದಲಿನಲ್ಲಿ ಬಿದಿರಿನ ಹುಡಿ ಹಾಗೇ ಇತ್ತು. ಮಾಸ್ತರ ಮೇಜಿನ ಮುಂದೆ ನಾನೂ ಅಪ್ಪನೂ ಕುಳಿತೆವು. ಹಿಂದಿನ ಬಾಕಿನ ಮೇಲೆ ತಮ್ಮ ಸರದಿಗಾಗಿ ಕಾಯುತ್ತ ಮೂರು ಮಂದಿ ಕುಳಿತಿದ್ದರು. ಅವರಲ್ಲಿ ಒಬ್ಬರು ಅಪ್ಪನ ಫೋರ್‌ಮನ್.

ಮಾಸ್ತರು ಮೊದಲು ನನ್ನ ವಿಷಯ ಹೇಳಿದರು. ಲೆಕ್ಕ, ವೇಳೆ, ಅಚ್ಚುಕಟ್ಟುತನ ಇದೆ, ಧಾರವಾಡದಲ್ಲಿ ಕಾಮರ್ಸ್ ಓದಿಸಿರಿ ಎಂದರು. ಅಪ್ಪ ಹಿಗ್ಗಿದರು. ಆಮೇಲೆ ಮಾಸ್ತರು ಅಕ್ಕನ ಹಾಳೆಯನ್ನು ತೆಗೆದು ಮೆಲ್ಲಗೆ ಓದಿದರು. ಎಷ್ಟು ಮೆಲ್ಲಗೆ ಓದಿದರೂ ಬಾಕಿನ ತನಕ ಕೇಳುತ್ತಿತ್ತು. ಅಪ್ಪನ ಮುಖದಲ್ಲಿ ನಗು ಇದ್ದಲ್ಲೇ ನಿಂತುಬಿಟ್ಟಿತು.

"ನಿಮ್ಮ ಮಗಳು ಮುಲ್ಕಿ ಪಾಸಾಗ್ಯಾಳಂತ," ಎಂದರು ಮಾಸ್ತರು. "ಅಷ್ಟು ಸಾಕ್ರಿ. ಆ ಕಡೆ ಸಾಲಿಗಳಿಗೆ ಹೋಗಾಕ ಯಾರೂ ತಯಾರಿಲ್ಲ. ಧಾರವಾಡದಾಗ ಹೆಣ್ಣುಮಕ್ಕಳ ಟ್ರೇನಿಂಗಿಗೆ ಇನ್ನೂ ಮುಲ್ಕಿ ಆದೋರನ್ನ ತಗೋತಾರ. ಅರ್ಜಿ ಈ ತಿಂಗಳೊಳಗ ಹೋಗಬೇಕು. ನೀವು ಹೂಂ ಅಂದ್ರ ನಾ ತರಸ್ತೇನಿ."

ಹಿಂದಿನಿಂದ ಫೋರ್‌ಮನ್ ನಕ್ಕರು. "ಏನಪಾ, ಬೆಳದ ಮಗಳನ್ನ ಜೋಯಿಡಾ ಅಡವ್ಯಾಗ ಬಿಟ್ಟು ಬರ್ತಿ? ಕರಡಿಗೆ ಕನ್ನಡ ಕಲಸಾಕ?"

ಬಾಕು ಪೂರಾ ನಕ್ಕಿತು. ಅಪ್ಪ ತಿರುಗಿ ನೋಡಲಿಲ್ಲ. ನನ್ನ ಕಡೆ ನೋಡಿದರು.

"ಲೇ, ಇದನ್ನ ಅಕಿ ಹೇಳ್ಯಾಳೇನು? ಇಲ್ಲಾ ನೀ ಕಟ್ಟಿದ್ದೇನು?"

ನಿಜ ಹೇಳಿದರೆ ಫೋರ್‌ಮನ್ನರ ಎದುರಿಗೆ ಅಪ್ಪನ ಮರ್ಯಾದೆ ಹೋಗುತ್ತದೆ ಎಂದು ನಾನು ಯೋಚಿಸಿದೆ. ಹಾಗೆಂದು ಆ ರಾತ್ರಿ ದಿನಚರಿಯಲ್ಲಿ ಬರೆದುಕೊಂಡೂ ಇದ್ದೇನೆ. ಈಗ ಓದಿದರೆ ಅದು ಪೂರಾ ಸರಿಯಲ್ಲ. ಹಿಂದಿನಿಂದ ಬಂದ ಆ ನಗು ನನ್ನ ಮೇಲೆ ತಿರುಗದಿರಲಿ ಎಂದಷ್ಟೇ ನನಗೆ ಅನ್ನಿಸಿತ್ತು.

"ಕಥಿ ಬರೀರಿ ಅಂದಿದ್ರು," ಎಂದೆ. "ಬರದೇನಿ."

ಅಪ್ಪ ಉಸಿರು ಬಿಟ್ಟರು. ಮಾಸ್ತರು ನನ್ನನ್ನು ನೋಡಿದರು. ಬೈಯಲಿಲ್ಲ. ಅಕ್ಕನ ಹಾಳೆಯನ್ನು ಮಡಚಿ ನನ್ನ ಕಡೆ ಸರಿಸಿ, "ಯಾರದೈತಿ ಅವರಿಗೆ ಕೊಡು," ಎಂದು ಮುಂದಿನವರನ್ನು ಕರೆದರು.

ಮನೆಗೆ ಹೋಗುವ ದಾರಿಯುದ್ದಕ್ಕೂ ಅಪ್ಪ ಕಾಮರ್ಸಿನ ಮಾತಾಡಿದರು. ಹಗಲು ಮಲಗಿ ಎದ್ದು, ರಾತ್ರಿ ಪಾಳಿಗೆ ಹೋಗುವ ಮೊದಲು ಊಟಕ್ಕೆ ಕುಳಿತಾಗ ಅವರಿಗೆ ಅದು ನೆನಪಾಯಿತು. ಹಾಳೆ ಇನ್ನೂ ನನ್ನ ಅಂಗಿಯ ಕಿಸೆಯಲ್ಲೇ ಇತ್ತು. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಅವ್ವ ಒಳಕೋಣೆಯ ಹೊಸ್ತಿಲಿಗೆ ಒರಗಿ ಕುಳಿತಿದ್ದಳು.

"ಕೇಳಿದೇನ," ಎಂದು ಅಪ್ಪ ಅವ್ವನಿಗೆ ನಗುತ್ತ ಹೇಳಿದರು. "ನಿನ್ನ ಮಗ ತನ್ನ ಅಕ್ಕನ್ನ ಸಾಲಿ ಅಕ್ಕೋರು ಮಾಡ್ಯಾನ. ಜೋಯಿಡಾಕ ಕಳಿಸ್ಯಾನ. ಕೂಸು ಎತ್ಕೊಂಡು ಲೆಕ್ಕ ಕಲಸ್ತಾಳಂತ! ಏನ್ ತಲಿ ಓಡಸ್ತಾನ ನೋಡು."

ರೊಟ್ಟಿಯ ಸಪ್ಪಳ ನಿಂತಿತು.

"ಅಂವ ಮಾಡಿಲ್ಲಪ್ಪಾ," ಎಂದಳು ಅಕ್ಕ. "ನಾನ ಹೇಳಿ ಬರಸೇನಿ."

"ಅಂವ ಕಥಿ ಅಂದನಲ್ಲ?"

ಅಕ್ಕ ನನ್ನ ಕಡೆ ತಿರುಗಿದಳು. ಒಂದೇ ನೋಟ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನಿಂದ ಇಷ್ಟೇ ಆದೀತು ಎಂದು ಮೊದಲೇ ಗೊತ್ತಿದ್ದವಳ ಹಾಗೆ ನೋಡಿದಳು.

"ಕಥೀನ ಅದು," ಎಂದಳು. "ನನ್ನ ಕಥಿ."

ಅಪ್ಪ ಕೈಯಲ್ಲಿನ ತುತ್ತನ್ನು ತಾಟಿಗೆ ಬಿಟ್ಟರು. "ಹಂಗಾರ ನೀನ ಹೇಳು. ಮಾಸ್ತರ ಬಾಯಿಲೆ ಕೇಳಿದ್ದು ಸಾಕು."

ಅವಳು ಹೇಳಿದಳು. ಕೈಗೆ ಹಿಟ್ಟು ಹತ್ತಿದ್ದುದರಿಂದ ಎರಡೂ ಕೈ ಎತ್ತಿ ಹಿಡಿದುಕೊಂಡೇ, ಭೋಂಗಾ ಇಲ್ಲ ಎನ್ನುವಲ್ಲಿಂದ ಶುರು ಮಾಡಿದಳು. ನನಗೆ ಹೇಳಿದಾಗ ಇಲ್ಲದ್ದು ಎಷ್ಟೋ ಈಗ ಸೇರಿತ್ತು: ಹಂಚಿನ ಸಂದಿಯಿಂದ ಬಿಸಿಲು ಎಲ್ಲಿ ಬೀಳುತ್ತದೆ, ಬೋರ್ಡಿನ ಮೇಲೆ ಮೊದಲು ಏನು ಬರೆಯುತ್ತಾಳೆ. ಅಪ್ಪ ನಡುನಡುವೆ ಕೇಳುತ್ತಿದ್ದರು.

"ಮಳಿಗಾಲದಾಗ ಹಳ್ಳ ತುಂಬಿದ್ರ?"

"ಹುಡುಗ್ರು ಬರಂಗಿಲ್ಲ. ಇಳದ ಮ್ಯಾಲೆ ಬರ್ತಾವ. ಆಗ ಸಂಜೀತನಕ ಸಾಲಿ."

"ಜಡ್ಡು ಬಂದ್ರ?"

"ಊರಾಗ ಮಂದಿ ಇರ್ತಾರಲ್ಲಪಾ. ಅವರಿಗೂ ಜಡ್ಡು ಬರ್ತಿರ್ತದಲ್ಲ."

"ಅಂಥಾ ಅಡವ್ಯಾಗ ಒಬ್ಬಾಕೀನ ಇರ್ತೀಯಾ?"

"ಕಥ್ಯಾಗ ಇದ್ದೆನಲ್ಲ," ಎಂದಳು ಅಕ್ಕ. "ಏನೂ ಆಗಲಿಲ್ಲ."

ಅಪ್ಪ ತಾಟಿನ ಅಂಚಿಗೆ ಬೆರಳು ಒರೆಸಿಕೊಂಡರು. ಇಲ್ಲಿ ಮಿಲ್ಲು ಇನ್ನೂ ಕಟ್ಟುತ್ತಿದ್ದಾಗ ಅವರೂ ಧಾರವಾಡ ಸೀಮೆಯ ಹೊಲ ಬಿಟ್ಟು ಒಬ್ಬರೇ ಈ ಅಡವಿಗೆ ಬಂದು, ತಗಡಿನ ಶೆಡ್ಡಿನಲ್ಲಿ ಒಂದು ಮಳೆಗಾಲ ಕಳೆದವರು. ಅದು ಅವರಿಗೆ ನೆನಪಾಯಿತೋ ಏನೋ, ನನಗೆ ಗೊತ್ತಿಲ್ಲ. "ಪಾಳಾದವರಿಗೆ ಏನ್ ಹೇಳ್ಲಿ?" ಎಂದರು ಕೊನೆಗೆ, ಯಾರಿಗೆಂದಿಲ್ಲದೆ.

"ಹುಡುಗಿ ಓದಾಕ ಹೊಂಟಾಳ, ಎರಡು ವರ್ಷ ತಡೀತಿದ್ರ ತಡೀರಿ ಅನ್ರಿ," ಎಂದಳು ಹೊಸ್ತಿಲಲ್ಲಿದ್ದ ಅವ್ವ.

"ಮನಿ ಯಾರು ನೋಡ್ತಾರ? ನಿನಗ ಒಲಿ ಮುಂದ ಕೂಡಾಕ ಆಗಂಗಿಲ್ಲ. ನನ್ನ ಡಬ್ಬಿ ಯಾರು ಕಟ್ತಾರ?"

ಆಗ ಯಾರೂ ನನ್ನ ಕಡೆ ನೋಡಲಿಲ್ಲ. ನಾನು ಹೇಳುತ್ತೇನೋ ಎಂದು ಎಲ್ಲರೂ ಕಾದರು ಎಂದು ಈಗ ಅನಿಸುತ್ತದೆ. ನಾನು ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿದೆ.

"ಇಂವ ಇರ್ತಾನ," ಎಂದರು ಅಪ್ಪ.

"ನನ್ನ ಕಾಲೇಜು?" ಎಂದೆ. ಅಷ್ಟೆಲ್ಲ ಮಾತಿನ ನಡುವೆ ನನ್ನ ಬಾಯಿಂದ ಬಂದದ್ದು ಅದೊಂದೇ.

"ಕಾಲೇಜು ಎಲ್ಲಿಗೆ ಹೊಕ್ಕೈತಿ? ಎರಡು ವರ್ಷ ಆದ ಮ್ಯಾಲೂ ಅಲ್ಲೇ ಇರ್ತೈತಿ," ಎಂದು ಅವರು ಕೈ ತೊಳೆಯಲು ಎದ್ದರು. ಮರುದಿನ ತಾವೇ ಹೋಗಿ ಮಾಸ್ತರಿಗೆ ಅರ್ಜಿ ತರಿಸಲು ಹೇಳಿ ಬಂದರು. ಪಾಳಾದವರು ತಡೆಯಲಿಲ್ಲ. ನೌಕರಿ ಮಾಡುವ ಹುಡುಗಿ ತಮಗೆ ಆಗಿಬರುವುದಿಲ್ಲ ಎಂದು ಹೇಳಿ ಕಳುಹಿಸಿದರು.

ಪರೀಕ್ಷೆ ಮುಗಿದ ಮೇಲೆ ಎರಡು ತಿಂಗಳು ಅಕ್ಕ ನನಗೆ ಒಲೆ ಕಲಿಸಿದಳು. ಹಿಟ್ಟು ಹದ ಮಾಡುವುದನ್ನು ಬೈದು ಬೈದು ಕಲಿಸಿದಳು. ರೊಟ್ಟಿ ಬಡಿಯುವುದು ಬರಲೇ ಇಲ್ಲ, ಈಗಲೂ ಬರುವುದಿಲ್ಲ, ಚಪಾತಿ ಲಟ್ಟಿಸುತ್ತೇನೆ. ಶಾಲೆಯಲ್ಲಿ ನಾನು ಹೇಳಿದ ಮಾತಿನ ಬಗ್ಗೆ ಅವಳು ಒಂದು ದಿನವೂ ಕೇಳಲಿಲ್ಲ. ಜೂನ್ ತಿಂಗಳ ಮೊದಲ ಮಳೆಯ ದಿನ ಅಪ್ಪ ಅವಳನ್ನು ಧಾರವಾಡದ ಬಸ್ಸು ಹತ್ತಿಸಿ ಬಂದರು.

ಆಮೇಲೆ ಒಂದು ವಿಚಿತ್ರವಾಯಿತು. ನಾವಿದ್ದ ಮಿಲ್ಲಿನ ಕಾಲನಿಯಲ್ಲಿ ನನ್ನ ಹೆಸರು ದೊಡ್ಡದಾಯಿತು. ತಾನು ಕಾಲೇಜು ಬಿಟ್ಟು ಅಕ್ಕನನ್ನು ಓದಿಸಿದ ಹುಡುಗ ಎಂದು ಮಂದಿ ಮಾತಾಡಿದರು. ಯಾರು ಶುರು ಮಾಡಿದರೋ ತಿಳಿಯದು, ನಾನಂತೂ ಮಾಡಲಿಲ್ಲ. ಬೆಳಿಗ್ಗೆ ನಲ್ಲಿಯ ಹತ್ತಿರ ಹೆಂಗಸರ ಸಾಲಿನಲ್ಲಿ ನಾನೊಬ್ಬನೇ ಗಂಡಸು. ಪಕ್ಕದ ಮನೆಯ ಕಾಕು ನನ್ನ ಕೊಡ ಕಂಡ ಕೂಡಲೇ, "ಅವಗ ಮೊದಲ ಬಿಡ್ರೆವಾ, ಪಾಪ, ಮನಿ ಎಲ್ಲಾ ಅಂವನ ನೋಡ್ತಾನ," ಎನ್ನುತ್ತಿದ್ದರು. ಸಾಲು ಸರಿದು ಜಾಗ ಬಿಡುತ್ತಿತ್ತು. ಆ ಹೆಂಗಸರೆಲ್ಲ ತಮ್ಮ ತಮ್ಮ ಮನೆ ತಾವೇ ನೋಡುವವರು. ಅವರಿಗೆ ಯಾರೂ ಹಾಗೆ ಜಾಗ ಬಿಟ್ಟದ್ದನ್ನು ನಾನು ಕಂಡಿಲ್ಲ.

ದೀಪಾವಳಿ ರಜೆಗೆ ಅಕ್ಕ ಬಂದಾಗ ನನ್ನ ಜೊತೆ ನೀರಿಗೆ ಬಂದಳು. ಕಾಕು ಅವಳ ಎದುರಿಗೇ ಶುರು ಮಾಡಿದರು: "ಪುಣ್ಯೇವಂತಿ ಅದೀ ಬಿಡು. ಅಕ್ಕನ ಸಲುವಾಗಿ ತನ್ನ ಓದು ಬಿಟ್ಟಾನ. ಇಂಥಾ ತಮ್ಮ ಯಾರಿಗೆ ಸಿಗ್ತಾನ?"

"ಹೌದ್ರಿ ಕಾಕೂ," ಎಂದು ಅಕ್ಕ ಸಿಂಬಿ ಸರಿಪಡಿಸಿಕೊಂಡು ತುಂಬಿದ ಕೊಡ ಎತ್ತಿದಳು.

ಮನೆಯ ಕಡೆ ನಡೆಯುವಾಗ ನನಗೆ ತಡೆಯಲಾಗಲಿಲ್ಲ. "ನಾ ಬಿಟ್ಟಿಲ್ಲ. ಅಪ್ಪ ಬಿಡಿಸಿದ," ಎಂದೆ.

"ಗೊತ್ತೈತಿ."

"ಅವತ್ತು ಸಾಲ್ಯಾಗೂ ನಾ..."

"ಅದೂ ಗೊತ್ತೈತಿ. ನನಗ್ಯಾಕ ಹೇಳ್ತಿ? ಅವರಿಗೆ ಹೇಳಬೇಕಿಲ್ಲೋ. ಇಷ್ಟು ದಿನ ಯಾಕ ಹೇಳಿಲ್ಲ?"

ನಾನು ಯೋಚಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ನಳದ ಮುಂದ ನನ್ನ ಪಾಳಿ ಲಗೂ ಬರ್ತೈತಿ."

ಅಕ್ಕ ನಿಂತುಬಿಟ್ಟಳು. ಆಮೇಲೆ ಎಷ್ಟು ನಕ್ಕಳೆಂದರೆ ತಲೆಯ ಮೇಲಿನ ಕೊಡ ಹೊಯ್ದಾಡಿ, ಭುಜ, ಸೀರೆ ಎಲ್ಲ ತೊಯ್ದು, ಅರ್ಧ ನೀರು ಚೆಲ್ಲಿತು. ಕೊಡ ಇಳಿಸಿ ಉಳಿದದ್ದನ್ನು ರಸ್ತೆಬದಿಯ ಗಿಡಕ್ಕೆ ಸುರಿದು, ಖಾಲಿ ಕೊಡವನ್ನು ನನ್ನ ಕೈಗಿಟ್ಟಳು. ನನ್ನ ಕೈಯಲ್ಲಿದ್ದ ತುಂಬಿದ ಬಕೀಟನ್ನು ತಾನು ತೆಗೆದುಕೊಂಡಳು.

"ಹೋಗು, ತುಂಬಿಕೊಂಡು ಬಾ. ಸಾಲಿನ ಕಡೀಕ ನಿಲ್ಲು."

ನಾನು ಹೋಗಿ ಕೊನೆಗೆ ನಿಂತೆ. ನನ್ನ ಮುಂದೆ ಹನ್ನೊಂದು ಕೊಡಗಳಿದ್ದವು. ಕಾಕು ಕತ್ತು ಹೊರಳಿಸಿ ನನ್ನನ್ನು ಕಂಡು ಕೈ ಬೀಸಿದರು. "ಮತ್ತ ಬಂದೇನೋ ತಮ್ಮಾ? ಬಾ, ಮುಂದ ಬಾ."

"ಬ್ಯಾಡ್ರಿ ಕಾಕೂ, ನಿಂದರ್ತೇನಿ," ಎಂದೆ.

"ಬಾರೋ, ಏನ್ ನಾಚ್ಕಿ!" ಎಂದು ಅವರು ಮತ್ತೊಮ್ಮೆ ಕರೆದರು. ಹೆಂಗಸರು ಆಗಲೇ ಸರಿದು ಜಾಗ ಬಿಟ್ಟಿದ್ದರು.

ನಾನು ಮುಂದೆ ಹೋದೆ.